ದಾರಿ, ಸಂತೆ ಮತ್ತು ಸಫಾರಿ: ಚಾಮರಾಜನಗರ–ಗುಂಡ್ಲುಪೇಟೆ ಪರಿಸರದ ಕಿರು ಕಸುಬುಗಳು ಹಾಗೂ ಸುಸ್ಥಿರ ಪ್ರವಾಸೋದ್ಯಮ

ಆಷಾಢ ಮಾಸದಲ್ಲಿ ಹಳೆಯ ಮೈಸೂರು ಸೀಮೆಯ ಬಹುತೇಕ ಊರುಗಳಲ್ಲಿ ಮಂಗಳಕಾರ್ಯಗಳು ನಡೆಯುವುದಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರು ಸೇರಿರುತ್ತಾರೆ. ಚಾಮರಾಜನಗರದ ಚಾಮರಾಜೇಶ್ವರನ ರಥೋತ್ಸವ ನಡೆಯುವುದು ಮಾತ್ರ ಇದೇ ಮಾಸದಲ್ಲಿ. ಅಗಲಿರುವ ನವದಂಪತಿಗಳು ಅಂದು ಪೇಟೆಯಲ್ಲಿ ಕೂಡಿಕೊಂಡು ತೇರಿಗೆ ಹಣ್ಣು–ಜವನ ಎಸೆಯುವುದು ಈ ಜಾತ್ರೆಯ ವಿಶೇಷ. ಬಾಳೆಹಣ್ಣು, ಜವನ, ಬಳೆ, ಹೂವು, ಕಡ್ಲೆಪುರಿ, ಬೆಂಡು–ಬತ್ತಾಸುಗಳ ವ್ಯಾಪಾರವೆಲ್ಲ ಈ ಒಂದು ಆಚರಣೆಯ ಸುತ್ತ ಹೆಣೆದುಕೊಂಡಿದೆ. 2017ರಲ್ಲಿ ರಥಕ್ಕೆ ಬೆಂಕಿ ತಗುಲಿದ ಬಳಿಕ ಕೆಲವು ವರ್ಷ ರಥೋತ್ಸವ ನಿಂತುಹೋಗಿ, ಹೊಸ ರಥ ಸಿದ್ಧಗೊಂಡು 2022ರಲ್ಲಿ ಮತ್ತೆ ತೇರು ಎಳೆಯಲಾಯಿತು. ಆ ನಡುವಿನ ವರ್ಷಗಳಲ್ಲಿ ಭಕ್ತರಿಗೆ ತೇರು ತಪ್ಪಿತು. ತೇರನ್ನೇ ನೆಚ್ಚಿ ಬುಟ್ಟಿ ಹೊತ್ತು ಬರುತ್ತಿದ್ದವರಿಗೆ ವರ್ಷದ ಒಂದು ದೊಡ್ಡ ದುಡಿಮೆ ತಪ್ಪಿತು.

ಇದನ್ನು ಪ್ರವಾಸೋದ್ಯಮವೆಂದು ಯಾವ ವರದಿಯೂ ಹೆಸರಿಸುವುದಿಲ್ಲ. ಆದರೆ ಊರಿನಿಂದ ಊರಿಗೆ ಜನ ಹೋಗುವುದು, ಹೋದಲ್ಲಿ ಕೊಳ್ಳುವುದು, ಉಣ್ಣುವುದು, ತಂಗುವುದು, ಮನೆಗೆ ಏನನ್ನಾದರೂ ಒಯ್ಯುವುದು, ಇವೆಲ್ಲವೂ ಪ್ರವಾಸದ ಲಕ್ಷಣಗಳೇ. ಪ್ರಸ್ತುತ ಲೇಖನದಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಪರಿಸರದ ಜಾತ್ರೆ–ಸಂತೆಗಳ ಹಳೆಯ ವ್ಯವಸ್ಥೆಯನ್ನು ಬಂಡೀಪುರವನ್ನು ಕೇಂದ್ರವಾಗಿಸಿಕೊಂಡ ಹೊಸ ಪ್ರವಾಸೋದ್ಯಮದ ಪಕ್ಕದಲ್ಲಿಟ್ಟು ಪರಿಶೀಲಿಸಲಾಗಿದೆ. ವಿಶ್ವಸಂಸ್ಥೆಯು 2002ನೆಯ ವರ್ಷವನ್ನು ಪರಿಸರ ಪ್ರವಾಸೋದ್ಯಮದ ವರ್ಷವೆಂದೂ 2017ನೆಯ ವರ್ಷವನ್ನು ಅಭಿವೃದ್ಧಿಗಾಗಿ ಸುಸ್ಥಿರ ಪ್ರವಾಸೋದ್ಯಮದ ವರ್ಷವೆಂದೂ ಆಚರಿಸಿತು. ಪ್ರವಾಸದಿಂದ ನಿಸರ್ಗಕ್ಕೂ ಸ್ಥಳೀಯ ಸಂಸ್ಕೃತಿಗೂ ಹಾನಿಯಾಗಬಾರದು, ಅದರ ಗಳಿಕೆ ಸ್ಥಳೀಯರಿಗೆ ತಲುಪಬೇಕು ಎಂಬುದು ಆ ಪರಿಕಲ್ಪನೆಯ ತಿರುಳು. ಗಳಿಕೆ ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಪ್ರದೇಶದ ಜಾತ್ರೆಗಳನ್ನು ಮೊದಲು ನೋಡಬೇಕಿತ್ತು.

ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಪರಸೆಯನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಕಾಲದಲ್ಲಿ ಕಾಲ್ನಡಿಗೆಯಲ್ಲಿ ಸಾಗುವ ಒಕ್ಕಲಿಗೆ ದಾರಿಯುದ್ದಕ್ಕೂ ನೀರು, ನೆರಳು, ಸೌದೆ, ಮಡಕೆ, ಎಲೆ, ಉಪ್ಪು–ಮೆಣಸಿನಕಾಯಿ ಬೇಕು. ನಡೆಯುವವನು ನಿಲ್ಲುತ್ತಾನೆ, ನಿಂತವನು ಕೊಳ್ಳುತ್ತಾನೆ. ಅವನು ಎಲ್ಲಿ ನಿಲ್ಲುತ್ತಾನೆಂಬುದು ದಾರಿಯ ಊರುಗಳಿಗೆ ಮೊದಲೇ ತಿಳಿದಿರುತ್ತದೆ. ಮಡಕೆ ಮಾಡುವವನು, ಬುಟ್ಟಿ–ಮೊರ ಹೆಣೆಯುವವನು, ಹೂವು ಕಟ್ಟುವವಳು ತಮ್ಮ ಸರಕನ್ನು ಆ ದಿನಕ್ಕೆ ಸಿದ್ಧಗೊಳಿಸಿಕೊಳ್ಳುತ್ತಾರೆ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ಮೂರನೆಯವನಿಲ್ಲ. ಬಹುಕಾಲದಿಂದ ಕೂರುವ ಜಾಗಗಳು ರೂಢಿಯಿಂದ ಗೊತ್ತಾಗಿರುತ್ತವೆ. ಅದಕ್ಕೆ ಸುಂಕ ಕೊಡಬೇಕಾದಲ್ಲಿ ಸುಂಕವೂ ಗೊತ್ತಾಗಿರುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಸಂಬಂಧ ಇನ್ನೂ ಆಳವಾದುದು. ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ಕಥನದ ಕಾರಣ ಸೋಲಿಗರಿಗೆ ಅವನು ಭಾವ. ಅವನು ಮೆಟ್ಟಿ ಕಾಡು ಸುತ್ತುವನೆಂದು ನಂಬಲಾಗುವ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಬೂದಿಪಡಗ ಗ್ರಾಮದ ಚರ್ಮ ಕುಶಲಕರ್ಮಿಗಳ ಮನೆತನದವರು ಹೊಲಿದು ಅರ್ಪಿಸುತ್ತಾರೆ. ಇದು ಮಾರಾಟದ ವಸ್ತುವಲ್ಲ. ಆದರೂ ಒಂದು ಊರಿನ ಕಸುಬಿಗೆ ಕ್ಷೇತ್ರದಲ್ಲಿ ತಪ್ಪಿಸಲಾಗದ ಸ್ಥಾನವೊಂದನ್ನು ಅದು ಕೊಟ್ಟಿದೆ. ಕಸುಬಿಗೆ ಕ್ಷೇತ್ರದೊಡನೆ ಇರುವ ಈ ಬಗೆಯ ಹಕ್ಕಿನ ನೆನಪನ್ನು ಇಂದಿನ ಯೋಜನೆಗಳು ಕೇವಲ ನಂಬಿಕೆಯೆಂದು ಬದಿಗಿರಿಸುತ್ತವೆ.

ಜಾತ್ರೆಯನ್ನು ಆದರ್ಶೀಕರಿಸಬೇಕಾದ ಅಗತ್ಯವೇನೂ ಇಲ್ಲ. ಯಾರು ಎಲ್ಲಿ ಕೂರಬೇಕು, ಯಾರ ಕೈಯಿಂದ ಏನನ್ನು ಕೊಳ್ಳಬಹುದು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಪಾದರಕ್ಷೆ ಹೊಲಿದವನಿಗೆ ದೊರೆತ ಗೌರವ ಆ ದಿನಕ್ಕೆ ಸೀಮಿತವಾಗಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಜಾತ್ರೆಯ ಮಾರನೆಯ ದಿನದ ಬೆಟ್ಟ ನೋಡಲಾಗದ ಸ್ಥಿತಿಗೆ ತಲುಪುವುದೂ ಉಂಟು. ಆದರೆ ದಾರಿಹೋಕನ ಹಣ ದಾರಿಯ ಊರಿಗೆ ತಲುಪುವ ಕಾಲುವೆಯಾಗಿ ಜಾತ್ರೆ ಕೆಲಸ ಮಾಡಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಹೊಸ ಪ್ರವಾಸೋದ್ಯಮದ ಚರಿತ್ರೆ ಬೇರೆ. ಮೈಸೂರು ಅರಸರು ರೂಪಿಸಿದ ವೇಣುಗೋಪಾಲ ವನ್ಯಜೀವಿ ಉದ್ಯಾನವೇ ಬಂಡೀಪುರ ರಾಷ್ಟ್ರೀಯ ಉದ್ಯಾನದ ಮೂಲ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಸ್ಥಾಪನೆಗೊಂಡಿತು. ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲೂ ಅದರ ವಸತಿಗಳಿವೆ. ಮುಂದೆ ಖಾಸಗಿ ರೆಸಾರ್ಟುಗಳು ಕಾಡಂಚಿನ ಹಳ್ಳಿಗಳ ಹೊಲಗಳಲ್ಲಿ ತಲೆಯೆತ್ತಿದವು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಅದರ ಹೆಸರು ಹೊರಗಿನವರಿಗೆ ಪರಿಚಯವಾದದ್ದು ಹೆಚ್ಚಾಗಿ ಈ ಕಾಡುಗಳ ಮೂಲಕ.

ಸಫಾರಿಗೆ ಬರುವವನು ತನ್ನ ಕೊಠಡಿಯನ್ನು ನಗರದಲ್ಲೇ ಕಾಯ್ದಿರಿಸಿರುತ್ತಾನೆ. ಊಟ, ವಾಹನ, ಮಾರ್ಗದರ್ಶಿ ಎಲ್ಲವೂ ಆ ದರದಲ್ಲೇ ಅಡಕ. ಬೆಳಗಿನ ಜಾವ ಒಂದು ಸಫಾರಿ, ಸಂಜೆ ಒಂದು ಸಫಾರಿ. ನಡುವೆ ಬೇಲಿಯ ಒಳಗೆ ವಿಶ್ರಾಂತಿ. ಹಳ್ಳಿಯ ಬೀದಿಯಲ್ಲಿ ಅವನ ಕಾಲು ತುಳಿಯುವ ಸಂದರ್ಭವೇ ಒದಗುವುದಿಲ್ಲ. ಬಂಡೀಪುರದ ಹುಲಿಯನ್ನು ನೋಡಿ ಬಂದವನು ಹಂಗಳದ ಸಂತೆಯನ್ನಾಗಲಿ ತೆರಕಣಾಂಬಿಯ ಕೋಟೆಯನ್ನಾಗಲಿ ನೋಡದೆ ಹಿಂದಿರುಗಿದರೆ ಅದು ಅವನ ಅರಸಿಕತೆಯ ಫಲವಲ್ಲ. ಪ್ರವಾಸವನ್ನು ಹಾಗೆ ಕಟ್ಟಲಾಗಿದೆ. ಊರಿನವರಿಗೆ ದೊರೆಯುವುದು ಕಾವಲುಗಾರನ, ಪಾತ್ರೆ ತೊಳೆಯುವವನ, ತೋಟದಾಳಿನ, ಚಾಲಕನ ಕೆಲಸಗಳು. ಕೂಲಿ ದೊರೆತರೂ ವ್ಯಾಪಾರ ದೊರೆಯಲಿಲ್ಲ. ಈ ಅಂತರವನ್ನು ಗುರುತಿಸದೆ ಪ್ರವಾಸಿಗರ ಸಂಖ್ಯೆಯ ಏರಿಕೆಯನ್ನಷ್ಟೇ ಸಾಧನೆಯೆಂದು ಎಣಿಸುವ ರೂಢಿ ಬೆಳೆದಿದೆ.

ಹಾಗಾದರೆ ಈ ಪ್ರದೇಶದಲ್ಲಿ ಪ್ರವಾಸಿ ಮತ್ತು ಕಿರು ವ್ಯಾಪಾರಿ ಪರಸ್ಪರ ಎದುರಾಗುವುದೇ ಇಲ್ಲವೇ? ಎದುರಾಗುತ್ತಾರೆ, ಪ್ರವಾಸಿ ವಾಹನದಿಂದ ಇಳಿಯಲೇಬೇಕಾದ ಕೆಲವು ಸ್ಥಳಗಳಲ್ಲಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದಕ್ಕೆ ಉತ್ತಮ ನಿದರ್ಶನ. 1454 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಹೊಯ್ಸಳರ ಕಾಲದ್ದೆಂದು ಹೇಳಲಾಗುವ ವೇಣುಗೋಪಾಲನ ಗುಡಿಯಿದ್ದು, ಸುತ್ತಲಿನ ಕಾಡು ಬಂಡೀಪುರಕ್ಕೆ ಸೇರಿದೆ. ಖಾಸಗಿ ವಾಹನಗಳನ್ನು ಮೇಲೆ ಬಿಡದೆ ತಪ್ಪಲಿನಲ್ಲೇ ನಿಲ್ಲಿಸಿ, ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಯಾತ್ರಿಕರನ್ನು ಕರೆದೊಯ್ಯುವ ವ್ಯವಸ್ಥೆ ಜಾರಿಗೆ ಬಂತು. ಕಾಡಿನ ಹಿತಕ್ಕಾಗಿ ಮಾಡಿದ ಈ ಏರ್ಪಾಡು ಮತ್ತೊಂದು ಫಲವನ್ನೂ ಕೊಡಬಲ್ಲದು. ಬಸ್ಸಿಗಾಗಿ ಕಾಯುವ ಹೊತ್ತು ವ್ಯಾಪಾರದ ಹೊತ್ತು. ಪರಸೆಯ ಒಕ್ಕಲು ನೆರಳಿಗೆ ನಿಂತಂತೆ ಇಲ್ಲಿ ಕಾರಿನ ಪ್ರವಾಸಿ ನಿಲ್ಲುತ್ತಾನೆ. ಎಳನೀರು, ಸೌತೆಕಾಯಿ, ಸೀಬೆಹಣ್ಣು, ಹೂವು–ತುಳಸಿಗಳನ್ನು ಕೊಳ್ಳಬಲ್ಲವನಾಗುತ್ತಾನೆ. ಬಂಡೀಪುರ ಸಫಾರಿಯ ಟಿಕೇಟು ಮತ್ತು ವಾಹನ ನಿಲುಗಡೆಯ ವ್ಯವಸ್ಥೆಯನ್ನು ಕಾಡಿನೊಳಗಿನಿಂದ ಅಂಚಿನ ಮೇಲುಕಾಮನಹಳ್ಳಿಗೆ ಸ್ಥಳಾಂತರಿಸಿದ್ದಕ್ಕೂ ಇದೇ ಸಾಧ್ಯತೆಯಿದೆ. ಕಾಡನ್ನು ಕಾಪಾಡುವ ನಿರ್ಬಂಧವೂ ಹಳ್ಳಿಯ ವ್ಯಾಪಾರದ ಹಿತವೂ ಪರಸ್ಪರ ವಿರುದ್ಧವಾಗಲೇಬೇಕಿಲ್ಲ ಎಂಬುದಕ್ಕೆ ಈ ಎರಡು ತಾಣಗಳು ಸಾಕ್ಷಿ.

ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಸೂರ್ಯಕಾಂತಿ ಹೊಲಗಳದು ಇನ್ನೊಂದು ಬಗೆಯ ಕತೆ. ಮುಂಗಾರಿನ ಈ ಬೆಳೆ ಹೂಬಿಟ್ಟ ಕಾಲದಲ್ಲಿ ಕೇರಳ ಮತ್ತು ಊಟಿಯ ಕಡೆಗೆ ಸಾಗುವವರು ಕಾರು ನಿಲ್ಲಿಸಿ ಹೊಲಕ್ಕಿಳಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಮೊದಮೊದಲು ರೈತನಿಗೆ ಇದರಿಂದ ದೊರೆತದ್ದು ಮುರಿದ ಗಿಡಗಳು ಮಾತ್ರ. ಕಾಲಕ್ರಮದಲ್ಲಿ ಕೆಲವರು ಹೊಲಕ್ಕೆ ಇಳಿಯುವವರಿಂದ ಸಣ್ಣ ಮೊತ್ತ ಪಡೆಯತೊಡಗಿದರು. ಯಾವ ಇಲಾಖೆಯ ಯೋಜನೆಯೂ ಇಲ್ಲದೆ, ತರಬೇತಿಯೂ ಇಲ್ಲದೆ ಹುಟ್ಟಿಕೊಂಡ ಈ ಕ್ರಮವನ್ನು ಪ್ರವಾಸಿಗರು ಸುಲಿಗೆಯೆಂದು ಆಕ್ಷೇಪಿಸುವುದುಂಟು. ರೆಸಾರ್ಟಿನ ಕಿಟಕಿಯಿಂದ ಕಾಣುವ ನೋಟಕ್ಕೆ ಬೆಲೆ ತೆರುವವನು ಹೊಲದ ನೋಟಕ್ಕೆ ತೆರಬಾರದೇಕೆ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ಚೆಂಡುಹೂವಿನ ಹೊಲಗಳ ಸ್ಥಿತಿಯೂ ಹೀಗೆಯೇ. ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಓಣಂ ಹಬ್ಬದ ಪೂಕಳಕ್ಕೂ ಇಲ್ಲಿಂದ ಹೂವು ಸಾಗುತ್ತದೆ. ಅದೇ ಹೂವಿನ ಹೊಲ ದಾರಿಹೋಕರಿಗೆ ನೋಟವೂ ಆಗಿದೆ. ಬೆಳೆ ರೈತನ ಲೆಕ್ಕದಲ್ಲಿ ಇದ್ದೇ ಇರುವುದರಿಂದ ನೋಟದ ಗಳಿಕೆ ಅವನಿಗೆ ಹೆಚ್ಚುವರಿ. ಈ ಕಾರಣಕ್ಕೇ ಇದು ಬಾಳಿಕೆಯ ಮಾದರಿ: ಪ್ರವಾಸಿ ಬರದ ವರ್ಷವೂ ಬೀಜ ಎಣ್ಣೆಗಾಣಕ್ಕೆ ಹೋಗುತ್ತದೆ.

ತರಕಾರಿಯ ವಿಷಯದಲ್ಲಿ ಈ ಸರಳ ಲೆಕ್ಕ ತಪ್ಪುತ್ತದೆ. ಗುಂಡ್ಲುಪೇಟೆ ಮತ್ತು ತೆರಕಣಾಂಬಿಯ ಮಾರುಕಟ್ಟೆಗಳಿಂದ ನಿತ್ಯವೂ ಕೇರಳಕ್ಕೆ ತರಕಾರಿ ಸಾಗುತ್ತದೆ. ಬಾಳೆ, ಅರಿಸಿನಗಳೂ ಇಲ್ಲಿನ ಮುಖ್ಯ ಬೆಳೆಗಳು. ಕಾಡಂಚಿನ ಹೊಲದ ಟೊಮೆಟೊ ನಗರದ ಸಗಟು ವ್ಯಾಪಾರಿಯ ಕೈಸೇರಿ, ಅಲ್ಲಿಂದ ಸುತ್ತಿ ಅದೇ ಕಾಡಂಚಿನ ವಸತಿಗೃಹದ ಅಡುಗೆಮನೆಗೆ ಬಂದರೆ ಅದರ ಲಾಭದ ಹೆಚ್ಚಿನ ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ನೆರೆಯ ಕೇರಳ ಈ ಸೋರಿಕೆಯನ್ನು ತಡೆಯಲು 2008ರಲ್ಲಿ ಕುಮರಕೋಂ, ತೇಕ್ಕಡಿ, ಕೋವಳಂ ಹಾಗೂ ವಯನಾಡುಗಳಲ್ಲಿ ಹೊಣೆಗಾರಿಕೆಯ ಪ್ರವಾಸೋದ್ಯಮವೆಂಬ ಪ್ರಯೋಗ ಕೈಗೊಂಡಿತು. ಕುಮರಕೋಂನಲ್ಲಿ ಪಂಚಾಯತಿ, ಹೋಟೆಲುಗಳು ಮತ್ತು ಕುಡುಂಬಶ್ರೀಯ ಮಹಿಳಾ ಸಂಘಗಳು ಒಂದೆಡೆ ಕುಳಿತು, ಯಾವ ತಿಂಗಳಲ್ಲಿ ಏನು ಬೆಳೆಯಬೇಕು, ಯಾವ ಗುಣಮಟ್ಟಕ್ಕೆ ಯಾವ ಬೆಲೆ ಎಂಬುದನ್ನು ಮೊದಲೇ ಗೊತ್ತುಪಡಿಸಿದವು. ಪಾಳು ಬಿದ್ದಿದ್ದ ಭೂಮಿಯಲ್ಲಿ ಮಹಿಳೆಯರು ತರಕಾರಿ ಬೆಳೆದು ನೇರವಾಗಿ ಹೋಟೆಲುಗಳಿಗೆ ಒದಗಿಸಿದರು. ನಾಲ್ಕೂ ಕಡೆ ಒಂದೇ ಬಗೆಯ ಫಲ ದೊರೆಯಲಿಲ್ಲ. ಆದರೆ 2017ರ ವೇಳೆಗೆ ರಾಜ್ಯಮಟ್ಟದ ಮಿಷನ್ ಆಗಿ ಅದು ಬೆಳೆಯಿತು. ವಯನಾಡು ಗುಂಡ್ಲುಪೇಟೆಯಿಂದ ಕಾಡಿನ ಆಚೆ ಬದಿಗಿದೆ. ಅಲ್ಲಿಗೆ ಟೊಮೆಟೊ ಕಳುಹಿಸುವ ತಾಲ್ಲೂಕು ಅಲ್ಲಿಂದ ಈ ಕ್ರಮವನ್ನು ತರಿಸಿಕೊಳ್ಳಬಹುದಿತ್ತು.

ಸ್ತ್ರೀಶಕ್ತಿ ಸಂಘಗಳು, ಹಾಲಿನ ಸಹಕಾರ ಸಂಘಗಳು ಈ ಭಾಗದಲ್ಲಿಯೂ ಬೇರೂರಿವೆ. ಕೊರತೆಯಿರುವುದು ಸಂಘಟನೆಯಲ್ಲಲ್ಲ, ಒಪ್ಪಂದದಲ್ಲಿ. ಕಿರು ಉತ್ಪಾದಕನು ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ ತರುತ್ತಾನೆ. ಹಬ್ಬ ಬಂದರೆ ತರುವುದೇ ಇಲ್ಲ. ಹೋಟೆಲಿನ ಅಡುಗೆಮನೆಗೆ ಇದು ಒಗ್ಗುವುದಿಲ್ಲ. ಒಬ್ಬೊಬ್ಬರಾಗಿ ಅಲ್ಲದೆ ಹತ್ತಾರು ಮನೆಗಳು ಕೂಡಿ ಒದಗಿಸಿದಾಗ ಮಾತ್ರ ಈ ಏರಿಳಿತ ತಗ್ಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಹಕ್ಕಿನ ಪ್ರಶ್ನೆಯನ್ನು ಮುಂದಿಡುತ್ತದೆ. ಮಾದೇಶ್ವರ ಕಾವ್ಯದಲ್ಲಿ ಸಂಕಮ್ಮನ ಗಂಡ ನೀಲೇಗೌಡ ಹೆಜ್ಜೇನಿನ ಮಲೆಗೆ ಹೋಗುವ ಭಾಗವನ್ನು ಬಲ್ಲವರಿಗೆ ಜೇನು ಈ ಜನರ ಬದುಕಿನಲ್ಲಿ ಎಷ್ಟು ಹಳೆಯದೆಂದು ಹೇಳಬೇಕಾಗಿಲ್ಲ. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಮರದ ಪಾಚಿಗಳನ್ನು ಅವರು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯ ಬಳಿಕ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆಬಿತ್ತು. ಪ್ರವಾಸಿ ಬರುತ್ತಿದ್ದ, ಅವನಿಗೆ ಮಾರಬೇಕಾದ ಜೇನು ಮಾತ್ರ ಕಾನೂನಿನ ಹೊರಗಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನು ಅರಣ್ಯವಾಸಿಗಳಿಗೆ ಮಾನ್ಯಮಾಡಿತು. ಅದರಂತೆ 2011ರಲ್ಲಿ ಇಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಗಮನ ಸೆಳೆದ ಸಂಗತಿ. ಅದೇ ವರ್ಷವೇ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿತ್ತು. ಕಿರು ವ್ಯಾಪಾರವನ್ನು ಪ್ರವಾಸಕ್ಕೆ ಜೋಡಿಸುವ ಮಾತಾಡುವಾಗ ತರಬೇತಿ, ಸಾಲ, ಆಕರ್ಷಕ ಬಾಟಲಿಗಳ ವಿಚಾರವೇ ಹೆಚ್ಚಾಗಿ ಬರುತ್ತದೆ. ಸರಕಿನ ಮೇಲೆ ಹಕ್ಕೇ ಇಲ್ಲದವನಿಗೆ ಬಾಟಲಿಯಿಂದ ಪ್ರಯೋಜನವಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಲಂಟಾನ ಕರಕುಶಲವನ್ನು ಇಲ್ಲಿಯೇ ಉಲ್ಲೇಖಿಸಬಹುದು. ಹೊರನಾಡಿನಿಂದ ಬಂದು ಕಾಡನ್ನೆಲ್ಲ ಆವರಿಸಿದ ಈ ಪೊದೆಗಿಡದ ಕಡ್ಡಿಯಿಂದ ಬುಟ್ಟಿ, ಕುರ್ಚಿ, ಮೇಜುಗಳನ್ನು ತಯಾರಿಸುವುದನ್ನು ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯು ಅಲ್ಲಿನ ಸೋಲಿಗರೇ ಮೊದಲಾದವರಿಗೆ ಕಲಿಸಿತು. ಬಿದಿರಿನ ಅಭಾವದಿಂದ ಕಂಗೆಟ್ಟ ಹೆಣಿಗೆಯವರಿಗೆ ಇದು ಬದಲಿ ಸರಕು. ಕಡ್ಡಿ ಕತ್ತರಿಸಿದಷ್ಟೂ ಕಾಡಿಗೆ ಒಳಿತೇ ಹೊರತು ಕೇಡಿಲ್ಲ. ಸುಸ್ಥಿರತೆಯೆಂಬ ಪದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಜಿಲ್ಲೆಯಲ್ಲಿ ದೊರೆಯಲಾರದು. ಆದರೆ ಒಂದು ಕುರ್ಚಿಯನ್ನು ಯಾತ್ರಿಕನು ಬಸ್ಸಿನಲ್ಲಿ ಒಯ್ಯಲಾರ. ಹೂಬುಟ್ಟಿಯನ್ನು, ಪ್ರಸಾದದ ಪೆಟ್ಟಿಗೆಯನ್ನು ಒಯ್ಯಬಲ್ಲ. ಜಾತ್ರೆಯ ಸರಕು ಎಂದೂ ಹೆಗಲಿಗೆ ಹೊರೆಯಾಗುವಂತಹುದಾಗಿರಲಿಲ್ಲ ಎಂಬ ಸಣ್ಣ ಸಂಗತಿ ಇಲ್ಲಿ ಉಪಯುಕ್ತ.

ಪ್ರದರ್ಶನ ಕಲೆಗಳ ವಿಷಯದಲ್ಲಿ ಹೆಚ್ಚು ಎಚ್ಚರ ಅಗತ್ಯ. ಕಂಸಾಳೆ, ನೀಲಗಾರರ ಮೇಳ, ಗೊರವರ ಕುಣಿತ, ಸೋಲಿಗರ ಗೊರುಕನ, ಇವು ಇಂದು ಜಿಲ್ಲೆಯ ಪ್ರವಾಸಿ ಪ್ರಚಾರಪತ್ರಗಳ ಮುಖಚಿತ್ರಗಳು. ದೇವರಗುಡ್ಡನು ದೀಕ್ಷೆ ಪಡೆದವನು. ಕೋರಣ್ಯ ಎತ್ತುವುದು ಅವನ ಧರ್ಮ. ಸಾಲು–ಕವಲುಗಳಾಗಿ ಹರಡಿಕೊಂಡ ಮಾದೇಶ್ವರನ ಕತೆ ರಾತ್ರಿಗಳನ್ನು ಬೇಡುವಂತಹದು. ಅದನ್ನು ವಸತಿಗೃಹದ ಬೆಂಕಿಯ ಸುತ್ತ ಹತ್ತು ನಿಮಿಷದ ಬೀಸು ಕಂಸಾಳೆಯಾಗಿ ಇಳಿಸಿದಾಗ ಕಲಾವಿದನಿಗೆ ಸಂಭಾವನೆ ದೊರೆಯುತ್ತದೆ. ಕತೆ ಹಾಡುವವನ ಅಗತ್ಯ ತಪ್ಪಿಹೋಗುತ್ತದೆ. ತಾಳ ಬೀಸಬಲ್ಲ ಹುಡುಗರು ಹೆಚ್ಚಿ, ಸಾಲು ಬಲ್ಲ ಹಿರಿಯರು ಕಡಿಮೆಯಾಗುತ್ತಿರುವುದಕ್ಕೆ ಪ್ರವಾಸೋದ್ಯಮವೊಂದೇ ಕಾರಣವಲ್ಲ. ಯುವಜನೋತ್ಸವ, ಮೆರವಣಿಗೆಗಳ ವೇದಿಕೆಗಳೂ ಅಷ್ಟೇ ಹೊಣೆ. ಗೊರವನ ಕರಡಿ ಕೂದಲಿನ ಟೊಪ್ಪಿಗೆಯ ಸಂಗತಿ ಇನ್ನೂ ಸೂಕ್ಷ್ಮ. 1972ರ ವನ್ಯಜೀವಿ ಕಾಯಿದೆಯ ಬಳಿಕ ಅಂತಹ ಟೊಪ್ಪಿಗೆಯನ್ನು ಹೊಸದಾಗಿ ಮಾಡಿಸುವಂತಿಲ್ಲ. ಕರಡಿಯನ್ನು ನೋಡಲು ಬರುವ ಪ್ರವಾಸಿಗೆ ಕರಡಿಯ ಕೂದಲು ಧರಿಸಿದ ಮೈಲಾರನ ಒಕ್ಕಲನ್ನು ಪರಿಚಯಿಸುವವರು ಈ ವೇಷದ ಹಿನ್ನೆಲೆಯನ್ನೂ ತಿಳಿಸಬೇಕಾಗುತ್ತದೆ. ಸೋಲಿಗರ ದೊಡ್ಡಸಂಪಿಗೆಯಂತಹ ಪವಿತ್ರ ತಾಣಗಳನ್ನು ನೋಟದ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದನ್ನಂತೂ ಅವರ ಗ್ರಾಮಸಭೆಯ ಹೊರತು ಬೇರೆ ಯಾರೂ ತೀರ್ಮಾನಿಸುವುದು ಸಲ್ಲದು.

ಸಫಾರಿಯನ್ನೇ ನೆಚ್ಚಿದ ಬದುಕು ಎಷ್ಟು ಅಳ್ಳಕವೆಂಬುದನ್ನು ಮೂರು ಸಂದರ್ಭಗಳು ತೋರಿಸಿವೆ. 2012ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಲಿ ಸಂರಕ್ಷಿತ ಪ್ರದೇಶಗಳ ಕೇಂದ್ರಭಾಗದಲ್ಲಿ ಪ್ರವಾಸವನ್ನು ತಾತ್ಕಾಲಿಕವಾಗಿ ತಡೆಯಿತು. ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಗಳು ಬಂದ ಮೇಲೆ, ಕೇಂದ್ರಭಾಗದ ಶೇ. 20ರ ಮಿತಿಗೆ ಒಳಪಟ್ಟು, ಅದು ಪುನರಾರಂಭವಾಯಿತು. 2020ರಲ್ಲಿ ಕೋವಿಡ್ ಕಾರಣ ಎಲ್ಲವೂ ಮುಚ್ಚಿತು. 2025ರ ನವೆಂಬರಿನಲ್ಲಿ ಕಾಡಂಚಿನ ರೈತರು ಹುಲಿ ದಾಳಿಗೆ ಬಲಿಯಾದ ಹಿನ್ನೆಲೆಯಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಲಾಯಿತು. ಸಫಾರಿ ಹಾಗೂ ರೆಸಾರ್ಟುಗಳ ಒತ್ತಡದಿಂದಲೇ ಪ್ರಾಣಿಗಳು ಹೊಲಕ್ಕೆ ಬರುತ್ತಿವೆ ಎಂಬುದು ರೈತರ ಬಹುಕಾಲದ ದೂರು. ಈ ದೂರಿನ ವೈಜ್ಞಾನಿಕ ಸತ್ಯಾಸತ್ಯತೆ ಒಂದು ವಿಷಯ. ಪ್ರವಾಸದಿಂದ ತಮಗೆ ಏನೂ ದೊರೆಯದ ಊರುಗಳು ಅದರ ಪರವಾಗಿ ನಿಲ್ಲಲು ಕಾರಣವೇ ಇರಲಿಲ್ಲ ಎಂಬುದು ಇನ್ನೊಂದು ವಿಷಯ. ಆನೆಯ ಕಾಟವನ್ನೂ ಹುಲಿಯ ಭಯವನ್ನೂ ಉಂಡವರು ಅವರು, ನೋಟದ ಹಣ ಉಂಡವರು ಬೇರೆ.

2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಉಳಿದ ಹೊತ್ತಿನಲ್ಲೂ ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ಆದ್ದರಿಂದ ಗುಂಡ್ಲುಪೇಟೆ, ಹಂಗಳ, ಮೇಲುಕಾಮನಹಳ್ಳಿಗಳು ಪ್ರಯಾಣಿಕನು ಕಾಡಿಗೆ ಮುನ್ನ ಕಾಲೂರುವ ಕೊನೆಯ ತಾಣಗಳಾಗಿವೆ. ಇಂತಹ ತಂಗುದಾಣಗಳ ಜಾಗ ಯಾರದು, ಅಲ್ಲಿ ಯಾರು ಮಾರಬಹುದು ಎಂಬುದು ಬಹಳ ಮಟ್ಟಿಗೆ ಗ್ರಾಮ ಪಂಚಾಯತಿಯ ಅಧಿಕಾರಕ್ಕೆ ಸಂಬಂಧಿಸಿದ್ದು. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು ಬಂದ 2014ರ ಕಾಯಿದೆ ನಗರ ಪ್ರದೇಶಗಳಿಗೆ ಸೀಮಿತವಾಗಿರುವುದರಿಂದ ಕಾಡಂಚಿನ ಹಳ್ಳಿಯ ಮಾರಾಟಗಾರ್ತಿಗೆ ಅದರ ಆಸರೆಯಿಲ್ಲ. ಸಂತೆಯ ಸುಂಕ ವಸೂಲಿಯನ್ನು ಹರಾಜು ಹಾಕುವ ರೂಢಿಯನ್ನು ಈ ತಾಣಗಳಿಗೂ ಹಾಗೆಯೇ ಅನ್ವಯಿಸಿದರೆ ಹೆಚ್ಚು ಬೆಲೆ ಕೂಗಿದ ಹೊರಗಿನ ಗುತ್ತಿಗೆದಾರನೇ ಸಾಲುಮಳಿಗೆಗಳ ಒಡೆಯನಾಗುತ್ತಾನೆ. ಸೀಬೆಹಣ್ಣಿನ ಬುಟ್ಟಿಯವಳು ಬಿಸಿಲಿಗೆ ಸರಿಯಬೇಕಾಗುತ್ತದೆ. ಹರಾಜಿಗೆ ಮುನ್ನವೇ ಊರಿನ ಬುಟ್ಟಿ ವ್ಯಾಪಾರಿಗಳ ಸ್ಥಳವನ್ನು ಗುರುತಿಸಿ ತೆಗೆದಿರಿಸುವುದು, ಅವರಿಂದ ಪಡೆಯುವ ಸುಂಕವನ್ನು ದಿನಕ್ಕಿಷ್ಟೆಂದು ಫಲಕದಲ್ಲಿ ಬರೆಸುವುದು ಪಂಚಾಯತಿಗೆ ಖರ್ಚಿಲ್ಲದ ಕೆಲಸ. ತಪ್ಪಲಿನಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳಿನ ಚಪ್ಪರವನ್ನು ಎಲ್ಲಿ ಹಾಕಬೇಕು, ಬುಟ್ಟಿಗಳು ಅದರ ಯಾವ ಬದಿಗೆ ಕೂರಬೇಕು ಎಂಬಷ್ಟು ಸಣ್ಣ ವಿಷಯಗಳನ್ನೂ ಗ್ರಾಮಸಭೆಯ ಮುಂದಿಟ್ಟೇ ನಿರ್ಧರಿಸಬೇಕಾಗಿದೆ. ಜಾತ್ರೆಯಲ್ಲಿ ಕೂತು ಬಲ್ಲವರು ಆ ಸಭೆಯಲ್ಲಿ ಇರುತ್ತಾರೆ.